ಖಾರವೂ ಇರಬೇಕು, ಕೆನೆಯೂ ಇರಬೇಕು: ಮನೆಯ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್‌ಗೆ ಯಾವ ಚೀಸ್, ಯಾವ ಮೆಣಸಿನಕಾಯಿ, ಯಾವ ಕಾವಲಿ?

ಗ್ರಿಲ್ಡ್ ಚೀಸ್ ಮಾಡೋಣ ಅಂತ ಅಂಗಡಿಗೆ ಹೋದವರ ಕೈ ಮೊದಲು ಹೋಗುವುದು ಮೊಝರೆಲ್ಲಾ ಪ್ಯಾಕೆಟ್ಟಿನ ಕಡೆಗೆ. ಎರಡು ತುಂಡನ್ನು ಬೇರೆ ಮಾಡಿದಾಗ ಮಾರುದ್ದ ಎಳೆ ಬರುವ ಫೋಟೋ ಎಲ್ಲರೂ ನೋಡಿರುತ್ತಾರೆ. ಅದೇ ಬೇಕು ಅನಿಸುತ್ತದೆ. ಆದರೆ ಎಳೆ ಬರುವುದು ಬೇರೆ, ನಾಲಿಗೆ ಮೇಲೆ ಕೆನೆಯಂತೆ ಕರಗುವುದು ಬೇರೆ. ಬರೀ ಮೊಝರೆಲ್ಲಾ ಹಾಕಿದ ಸ್ಯಾಂಡ್‌ವಿಚ್ ಬಿಸಿಯಿದ್ದಾಗ ಚೆನ್ನಾಗಿ ಎಳೆಯುತ್ತದೆ, ಐದು ನಿಮಿಷ ಬಿಟ್ಟರೆ ರಬ್ಬರಿನಂತೆ ಆಗುತ್ತದೆ. ರುಚಿಯೂ ಸಪ್ಪೆ. ಖಾರ ಅದರೊಳಗೆ ಸೇರುವುದೇ ಇಲ್ಲ, ಪಕ್ಕದಲ್ಲಿ ಬೇರೆಯಾಗಿ ಕೂತಿರುತ್ತದೆ.

ಕೆನೆ ಬೇಕಾದರೆ ಚೀಸ್ ಬೇರೆ ಥರದ್ದು ಬೇಕು. ಖಾರ ಬೇಕಾದರೆ ಅದನ್ನು ಆ ಕೆನೆಯ ಜಿಡ್ಡಿನೊಳಗೇ ಸೇರಿಸಬೇಕು. ಉಳಿದ ಆಯ್ಕೆಗಳೆಲ್ಲ ಈ ಎರಡರಿಂದಲೇ ಹುಟ್ಟುತ್ತವೆ. ಒಂದೊಂದನ್ನೂ ಎದುರುಬದುರು ಇಟ್ಟು ನೋಡೋಣ.

ಮೊದಲು, ಯಾವ ಸ್ಯಾಂಡ್‌ವಿಚ್ ಬಗ್ಗೆ ಮಾತಾಡುತ್ತಿದ್ದೇವೆ ಅನ್ನೋದು ಗೊತ್ತಿರಲಿ. ಅಮೆರಿಕದ ಗ್ರಿಲ್ಡ್ ಚೀಸ್ ತೀರಾ ಸರಳ: ಎರಡು ಬ್ರೆಡ್, ಹೊರಗೆ ಬೆಣ್ಣೆ, ಒಳಗೆ ಚೀಸ್, ಪಕ್ಕದಲ್ಲಿ ಟೊಮ್ಯಾಟೊ ಸೂಪು. ಮುಂಬೈ ಗ್ರಿಲ್ ಸ್ಯಾಂಡ್‌ವಿಚ್‌ನಲ್ಲಿ ಹಸಿರು ಚಟ್ನಿ, ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ, ಈರುಳ್ಳಿ ಎಲ್ಲ ಇರುತ್ತದೆ. ಅಲ್ಲಿ ಚೀಸ್ ಮೇಲೊಂದು ಸೇರ್ಪಡೆ ಅಷ್ಟೇ. ಚಿಲ್ಲಿ ಚೀಸ್ ಟೋಸ್ಟ್ ಅನ್ನುವುದು ಮೇಲೆ ಮುಚ್ಚದ ಒಂದೇ ಬ್ರೆಡ್ಡು. ನಾನಿಲ್ಲಿ ಹೇಳುತ್ತಿರುವುದು ಅಮೆರಿಕದ ಮೈಕಟ್ಟಿನಲ್ಲಿ ನಮ್ಮ ಖಾರ ಇರುವಂಥದ್ದು. ಎರಡು ಬ್ರೆಡ್ ನಡುವೆ ಚೀಸು, ಕೆನೆ, ಮೆಣಸಿನಕಾಯಿ. ತರಕಾರಿ ಇಲ್ಲ, ಇದ್ದರೂ ಹೆಸರಿಗಷ್ಟೇ.

ಯಾವ ಚೀಸ್?

ಪ್ರೊಸೆಸ್ಡ್ ಚೀಸ್ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಈ ಸ್ಯಾಂಡ್‌ವಿಚ್‌ಗೆ ಮಾತ್ರ ಅದೇ ಅಡಿಪಾಯ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಸಾಮಾನ್ಯ ಚೀಸ್‌ನಲ್ಲಿ ಹಾಲಿನ ಪ್ರೋಟೀನು ಕ್ಯಾಲ್ಸಿಯಂ ಹಿಡಿತದಲ್ಲಿ ಒಂದು ಬಲೆಯ ಹಾಗೆ ನಿಂತಿರುತ್ತದೆ, ಜಿಡ್ಡು ಆ ಬಲೆಯೊಳಗೆ ಸಿಕ್ಕಿಕೊಂಡಿರುತ್ತದೆ. ಜಾಸ್ತಿ ಬಿಸಿಯಾದರೆ ಬಲೆ ಬಿಗಿದುಕೊಳ್ಳುತ್ತದೆ, ಎಣ್ಣೆ ಹೊರಗೆ ಬರುತ್ತದೆ. ಪ್ರೊಸೆಸ್ಡ್ ಚೀಸ್ ಮಾಡುವಾಗ ಸೋಡಿಯಂ ಸಿಟ್ರೇಟ್ ಅಥವಾ ಸೋಡಿಯಂ ಫಾಸ್ಫೇಟ್‌ನಂಥ ಲವಣ ಸೇರಿಸುತ್ತಾರೆ. ಅದು ಕ್ಯಾಲ್ಸಿಯಂನ ಹಿಡಿತ ಸಡಿಲಿಸುತ್ತದೆ. ಆಗ ಪ್ರೋಟೀನು ನೀರು ಮತ್ತು ಜಿಡ್ಡು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಬಿಸಿ ಮಾಡಿದರೂ ಒಡೆಯುವುದಿಲ್ಲ, ನುಣ್ಣಗೆ ಹರಿಯುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಊರಿನಲ್ಲಿ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಈ ದಾರಿ ಕಂಡುಕೊಂಡರು. 1916ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ತನ್ನದೇ ವಿಧಾನಕ್ಕೆ ಪೇಟೆಂಟ್ ಪಡೆದ. ಅವರಿಗೆ ಬೇಕಾಗಿದ್ದುದು ಬೇಗ ಕೆಡದ ಚೀಸು. ನುಣ್ಣಗೆ ಕರಗುವ ಗುಣ ಜೊತೆಯಲ್ಲೇ ಬಂತು.

ನಮ್ಮಲ್ಲಿ ಅಮುಲ್, ನಂದಿನಿ, ಬ್ರಿಟಾನಿಯಾ ಹೆಸರಿನಲ್ಲಿ ಸಿಗುವ ಕ್ಯೂಬ್, ಬ್ಲಾಕ್, ಸ್ಲೈಸ್‌ಗಳಲ್ಲಿ ಹೆಚ್ಚಿನವು ಪ್ರೊಸೆಸ್ಡ್ ಚೀಸೇ. ಇವುಗಳ ನಡುವೆಯೂ ವ್ಯತ್ಯಾಸ ಇದೆ. ಸ್ಲೈಸು ಬೇಗ ಕರಗುತ್ತದೆ, ಮೆತ್ತಗಿರುತ್ತದೆ, ರುಚಿ ಸ್ವಲ್ಪ ತೆಳು. ಒಂದು ಸ್ಲೈಸ್ ಸುಮಾರು 20 ಗ್ರಾಂ ತೂಗುತ್ತದೆ. ಕ್ಯೂಬು ಮತ್ತು ಬ್ಲಾಕು ಗಟ್ಟಿ, ಚೀಸ್ ರುಚಿ ಜಾಸ್ತಿ. ಆದರೆ ಹೆಚ್ಚಿ ಹಾಕಿದರೆ ಸಣ್ಣ ಉರಿಯಲ್ಲಿ ಪೂರ್ತಿ ಕರಗುವುದೇ ಇಲ್ಲ, ತುರಿದೇ ಹಾಕಬೇಕು. ನನ್ನ ಆಯ್ಕೆ ಬ್ಲಾಕು. ಬೇಕಾದಷ್ಟೇ ತುರಿಯಬಹುದು, ಕೆನೆಯ ಜೊತೆ ಕಲಸಲೂ ಸುಲಭ.

ಚೆಡ್ಡಾರ್ ತರುವುದು ರುಚಿ. ಪ್ರೊಸೆಸ್ಡ್ ಚೀಸ್‌ನಲ್ಲಿ ಇಲ್ಲದ ಹುಳಿ, ಘಾಟು, ಉದ್ದಕ್ಕೆ ಉಳಿಯುವ ಸ್ವಾದ ಅದರಲ್ಲಿದೆ. ಮೆಣಸಿನಕಾಯಿಯ ಎದುರು ನಿಲ್ಲುವ ತಾಕತ್ತೂ ಇದೆ. ಆದರೆ ಹಳೆಯದಾದಷ್ಟೂ ಅದರ ಪ್ರೋಟೀನು ಒಡೆದಿರುತ್ತದೆ, ಬಿಸಿಗೆ ಬೇಗ ಎಣ್ಣೆ ಬಿಡುತ್ತದೆ, ತರಿತರಿ ಆಗುತ್ತದೆ. ಅದಕ್ಕೇ ಬರೀ ಹಳೆಯ ಚೆಡ್ಡಾರ್ ಹಾಕಬೇಡಿ. ಪ್ರೊಸೆಸ್ಡ್ ಚೀಸ್ ಜೊತೆ ಸಮಸಮ ಬೆರೆಸಿ ಹಾಕಿ. ಪ್ರೊಸೆಸ್ಡ್ ಚೀಸ್‌ನ ಲವಣವೇ ಚೆಡ್ಡಾರ್ ಒಡೆಯದ ಹಾಗೆ ಹಿಡಿದುಕೊಳ್ಳುತ್ತದೆ. ಎಳೆಯ ಚೆಡ್ಡಾರ್ ಆದರೆ ಇಷ್ಟು ಚಿಂತೆ ಬೇಡ.

ಮೊಝರೆಲ್ಲಾ ಪೂರ್ತಿ ಬೇಡ ಅಂತಲ್ಲ. ಮಾಡುವಾಗಲೇ ಅದನ್ನು ಬಿಸಿನೀರಿನಲ್ಲಿ ನಾದಿ, ಎಳೆದು ತಯಾರಿಸುವುದರಿಂದ ಅದರ ಪ್ರೋಟೀನು ನಾರಿನಂತೆ ಒಂದೇ ದಿಕ್ಕಿಗೆ ಜೋಡಿಸಿಕೊಂಡಿರುತ್ತದೆ. ಎಳೆ ಬರುವುದು ಅದರಿಂದ. ಒಟ್ಟು ಚೀಸ್‌ನಲ್ಲಿ ಕಾಲು ಭಾಗ ಹಾಕಿದರೆ ಕೆನೆಯೂ ಉಳಿಯುತ್ತದೆ, ಕಚ್ಚಿದಾಗ ಒಂದಿಷ್ಟು ಎಳೆಯೂ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಆ ಎಳೆಗೆ ಬೆಲೆ ಇದೆ, ಅಲ್ವಾ?

ಪನೀರ್ ಕರಗುವುದಿಲ್ಲ. ಎಷ್ಟು ಹೊತ್ತು ಕಾವಲಿ ಮೇಲೆ ಇಟ್ಟರೂ ಅಷ್ಟೇ. ಕುದಿಯುವ ಹಾಲನ್ನು ಹುಳಿಯಿಂದ ಒಡೆಸಿ ಮಾಡುವುದರಿಂದ ಅದರ ಪ್ರೋಟೀನಿನಲ್ಲಿ ಕರಗಿ ಹರಿಯುವ ಗುಣ ಉಳಿದಿರುವುದಿಲ್ಲ. ಪನೀರ್ ಬೇಕೇ ಬೇಕು ಅನ್ನುವವರು ಅದನ್ನು ಮಿಕ್ಸಿಯಲ್ಲಿ ಎರಡು ಚಮಚ ಹಾಲಿನ ಜೊತೆ ನುಣ್ಣಗೆ ರುಬ್ಬಿ, ಕೆನೆಯ ಜಾಗದಲ್ಲಿ ಬಳಸಬಹುದು. ಚೀಸ್ ಜಾಗದಲ್ಲಿ ಅಲ್ಲ.

ಇನ್ನು ತುರಿದು ಪ್ಯಾಕ್ ಮಾಡಿದ ಚೀಸು. ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಪಿಷ್ಟದಂಥ ಪುಡಿ ಸವರಿರುತ್ತಾರೆ. ಅದರಿಂದ ಕರಗುವಾಗ ಸ್ವಲ್ಪ ತರಿ ಉಳಿಯುತ್ತದೆ. ಪಿಜ್ಜಾಕ್ಕೆ ಪರವಾಗಿಲ್ಲ, ಇಲ್ಲಿ ಗೊತ್ತಾಗುತ್ತದೆ. ಕೊಳ್ಳುವ ಮುಂಚೆ ಪ್ಯಾಕೆಟ್ ಹಿಂದಿನ ಪದಾರ್ಥಗಳ ಪಟ್ಟಿಯನ್ನೂ ಓದಿ. ಹಾಲಿನ ಜಿಡ್ಡಿನ ಬದಲು ಪಾಮ್ ಎಣ್ಣೆ ಅಥವಾ ಬೇರೆ ಸಸ್ಯಜನ್ಯ ಎಣ್ಣೆ ಇದ್ದರೆ ಅದು ಚೀಸ್ ಅಲ್ಲ. ಬೆಲೆ ಕಡಿಮೆ ಇರುವುದೂ ಅದಕ್ಕೇ. ಬಿಸಿ ಆರಿದ ಮೇಲೆ ಬಾಯೊಳಗೆ ಮೇಣ ಸವರಿದ ಹಾಗೆ ಅಂಟುತ್ತದೆ.

ಕೆನೆ ಎಲ್ಲಿಂದ ಬರಬೇಕು?

ಬರೀ ಚೀಸ್ ಸಾಲದು. ಚೀಸ್ ಆರುತ್ತಿದ್ದ ಹಾಗೆ ಗಟ್ಟಿಯಾಗುತ್ತದೆ. ಅದರ ಜೊತೆ ಮೆತ್ತಗಿನದೊಂದು ಸೇರಿದರೆ ಕೊನೇ ತುತ್ತಿನವರೆಗೂ ಒಳಗೆ ಸಡಿಲವಾಗಿ ಇರುತ್ತದೆ. ಐದು ದಾರಿಗಳಿವೆ.

ಕ್ರೀಮ್ ಚೀಸ್ ಎಲ್ಲಕ್ಕಿಂತ ಸುಲಭ. ಬಿಸಿಗೆ ಮೆತ್ತಗಾಗುತ್ತದೆ, ಆದರೆ ಹರಿದು ಹೊರಗೆ ಹೋಗುವುದಿಲ್ಲ. ಹುಳಿ ಹಿತವಾಗಿರುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ ಏನು ಬೆರೆಸಿದರೂ ಹಿಡಿದುಕೊಳ್ಳುತ್ತದೆ. ಬೆಲೆ ಜಾಸ್ತಿ, ಡಬ್ಬಿ ತೆರೆದ ಮೇಲೆ ಬೇಗ ಮುಗಿಸಬೇಕು. ತಿಂಗಳಿಗೊಮ್ಮೆ ಮಾಡುವವರಿಗೆ ಅದು ದುಬಾರಿ ಅನಿಸಬಹುದು.

ಅದಕ್ಕೆ ಹತ್ತಿರದ ಅಗ್ಗದ ದಾರಿ ಗಟ್ಟಿ ಮೊಸರು. ಹುಳಿಯಾಗದ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲಿಟ್ಟು, ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಟ್ಟರೆ ಬೆಳಿಗ್ಗೆಗೆ ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಬಿಸಿಗೆ ಮೊಸರು ಒಡೆಯುವ ಭಯ ಇದ್ದೇ ಇದೆ, ಆದ್ದರಿಂದ ಬರೀ ಮೊಸರನ್ನೇ ಬ್ರೆಡ್ ಮೇಲೆ ಹಚ್ಚಬೇಡಿ. ತುರಿದ ಚೀಸ್ ಜೊತೆ ಕಲಸಿ, ಮೂರು ಪಾಲು ಚೀಸ್‌ಗೆ ಒಂದು ಪಾಲು ಮೊಸರು. ಈ ಅಳತೆಯಲ್ಲಿ ಒಡೆಯುವುದಿಲ್ಲ. ಖಾರದ ಜೊತೆ ಮೊಸರಿನ ಹುಳಿ ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಯಿಸಿದ ಹಾಲಿನ ಮೇಲಿನ ಕೆನೆ ಮನೆಯಲ್ಲೇ ಇರುತ್ತದೆ. ತಾಜಾ ಕೆನೆಗೆ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಹಸಿಮೆಣಸು ಬೆರೆಸಿ ಬ್ರೆಡ್‌ಗೆ ಹಚ್ಚಿದರೆ ರುಚಿ ಅದ್ಭುತ. ಆದರೆ ಬಿಸಿಗೆ ಕರಗಿ ನೀರಾಗುತ್ತದೆ, ಬ್ರೆಡ್ ಅದನ್ನು ಹೀರಿಕೊಳ್ಳುತ್ತದೆ. ಒಂದು ಸ್ಯಾಂಡ್‌ವಿಚ್‌ಗೆ ಎರಡು ಟೀ ಚಮಚಕ್ಕಿಂತ ಜಾಸ್ತಿ ಬೇಡ. ನಾಲ್ಕು ದಿನದಿಂದ ಕೂಡಿಟ್ಟ ಕೆನೆ ಬೆಣ್ಣೆ ತೆಗೆಯಲು ಸರಿ, ಇದಕ್ಕೆ ಬೇಡ. ಕಮಟು ವಾಸನೆ ಬಿಸಿಯಲ್ಲಿ ಎದ್ದು ಬರುತ್ತದೆ.

ಮೇಯೊನೀಸ್ ಅನ್ನು ಒಳಗೆ ಹಾಕುವವರು ತುಂಬಾ ಜನ. ನನಗೆ ಒಪ್ಪಿಗೆಯಿಲ್ಲ. ಬಿಸಿಯಲ್ಲಿ ಅದು ಕೆನೆಯಾಗಿ ಉಳಿಯುವುದಿಲ್ಲ, ಎಣ್ಣೆ ಬಿಡುತ್ತದೆ. ಮೊಟ್ಟೆಯಿಲ್ಲದ ಮೇಯೊಗಳಲ್ಲಿ ಹಲವು ಸಿಹಿಯಾಗಿಯೂ ಇರುತ್ತವೆ. ಮೇಯೊ ಹೊರಗೆ ಹಚ್ಚಲು ಒಳ್ಳೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಐದನೆಯದು ವೈಟ್ ಸಾಸು. ಒಂದು ಚಮಚ ಬೆಣ್ಣೆಯಲ್ಲಿ ಒಂದು ಚಮಚ ಮೈದಾವನ್ನು ಹಸಿ ವಾಸನೆ ಹೋಗುವವರೆಗೆ ಹುರಿದು, ಅರ್ಧ ಲೋಟ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕೈಯಾಡಿಸಿದರೆ ಗಟ್ಟಿಯಾಗುತ್ತದೆ. ಒಲೆ ಆರಿಸಿ ತುರಿದ ಚೀಸ್ ಬೆರೆಸಿ. ಮೈದಾದ ಪಿಷ್ಟ ಪ್ರೋಟೀನು ಒಂದಕ್ಕೊಂದು ಅಂಟಿ ಗಂಟಾಗದ ಹಾಗೆ ತಡೆಯುತ್ತದೆ, ಹಾಗಾಗಿ ಹಳೆಯ ಚೆಡ್ಡಾರ್ ಕೂಡ ಒಡೆಯುವುದಿಲ್ಲ. ಫ್ರಾನ್ಸಿನ ಕ್ರೋಕ್ ಮಸ್ಯೂ ಸ್ಯಾಂಡ್‌ವಿಚ್‌ಗೂ ಇದೇ ಸಾಸ್ ಹಾಕುತ್ತಾರೆ. ಕೆಲಸ ಜಾಸ್ತಿ, ಪಾತ್ರೆಯೂ ಒಂದು ಜಾಸ್ತಿ. ಆದರೆ ಆರೇಳು ಜನಕ್ಕೆ ಮಾಡುವಾಗ ಇದರಷ್ಟು ಸಲೀಸು ಬೇರೆ ಯಾವುದೂ ಅಲ್ಲ. ಕಡಿಮೆ ಚೀಸ್‌ನಲ್ಲಿ ಜಾಸ್ತಿ ಕೆನೆ ಸಿಗುತ್ತದೆ. ಪೂರ್ತಿ ಆರಿದ ಮೇಲೆ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಿದ್ದಾಗ ಮಾತ್ರ ಬ್ರೆಡ್‌ಗೆ ಹಚ್ಚಿ.

ಖಾರ: ಯಾವ ಮೆಣಸಿನಕಾಯಿ, ಹೇಗೆ ಹಾಕಬೇಕು?

ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಅನ್ನುವ ವಸ್ತು. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲಿನ ಕೇಸೀನ್ ಪ್ರೋಟೀನು ಅದನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ಖಾರ ಹತ್ತಿದಾಗ ನೀರಿಗಿಂತ ಮಜ್ಜಿಗೆ ಕೆಲಸ ಮಾಡುವುದು ಇದಕ್ಕೇ. ಚೀಸ್‌ನಲ್ಲಿ ಜಿಡ್ಡೂ ಇದೆ, ಕೇಸೀನೂ ಇದೆ. ಅಂದರೆ ಇಲ್ಲಿ ಖಾರ ತಾನಾಗಿಯೇ ತಗ್ಗುತ್ತದೆ. ಚಟ್ನಿಗೆ ಎರಡು ಮೆಣಸಿನಕಾಯಿ ಸಾಕು ಅನ್ನುವವರು ಇಲ್ಲಿ ಮೂರು ಹಾಕಬಹುದು.

ಇನ್ನೊಂದು ವಿಷಯ. ಖಾರ ಇರುವುದು ಬೀಜದಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಜಾಸ್ತಿ ಇರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಖಾರ ಕಡಿಮೆ ಬೇಕಾದರೆ ಆ ತಿರುಳನ್ನು ಚಾಕುವಿನಿಂದ ತೆಗೆಯಿರಿ. ಬರೀ ಬೀಜ ಕೊಡವಿದರೆ ಏನೂ ಆಗುವುದಿಲ್ಲ.

ಹಸಿಮೆಣಸನ್ನು ಮೂರು ರೀತಿ ಹಾಕಬಹುದು, ಮೂರೂ ಬೇರೆ ಬೇರೆ ಸ್ಯಾಂಡ್‌ವಿಚ್ ಆಗುತ್ತವೆ. ಹಸಿಯಾಗಿಯೇ ಸಣ್ಣಗೆ ಹೆಚ್ಚಿ ಹಾಕಿದರೆ ಒಂದೊಂದು ತುತ್ತಿನಲ್ಲಿ ಚುರುಕ್ ಅನ್ನುತ್ತದೆ, ನಡುವೆ ಬರೀ ಚೀಸ್ ಸಿಗುತ್ತದೆ. ಕೆಲವರಿಗೆ ಅದೇ ಇಷ್ಟ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಒಂದು ನಿಮಿಷ ಬಾಡಿಸಿ ಆ ಬೆಣ್ಣೆ ಸಮೇತ ಕೆನೆಗೆ ಬೆರೆಸಿದರೆ ಖಾರ ಜಿಡ್ಡಿನಲ್ಲಿ ಇಳಿದು ಎಲ್ಲ ಕಡೆ ಸಮನಾಗಿ ಹರಡುತ್ತದೆ. ಹಸಿ ವಾಸನೆ ಹೋಗಿ ಘಮ ಬರುತ್ತದೆ. ಮೂರನೆಯದು, ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪನ್ನು ಕುಟ್ಟಾಣಿಯಲ್ಲಿ ತರಿಯಾಗಿ ಜಜ್ಜುವುದು. ಇದು ಘಾಟಿನ ಖಾರ. ನನಗೆ ಎರಡನೆಯದೇ ಮೆಚ್ಚು. ಖಾರವೂ ಕೆನೆಯೂ ಒಂದೇ ಆಗಿ ಬಾಯಿಗೆ ಬರುವುದು ಅದರಲ್ಲಿ ಮಾತ್ರ.

ಕೆಂಪು ಖಾರ ಬೇಕಾದವರಿಗೆ ನಮ್ಮಲ್ಲೇ ಒಂದು ದೊಡ್ಡ ಆಯ್ಕೆ ಇದೆ: ಮೈಸೂರು ಮಸಾಲೆ ದೋಸೆಗೆ ಹಚ್ಚುವ ಕೆಂಪು ಚಟ್ನಿ. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿಗಡಲೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬಣ್ಣ ಗಾಢ, ಖಾರ ಕಡಿಮೆ. ಡಬ್ಬಿ ಮತ್ತು ಕಡ್ಡಿ ಅಂತ ಎರಡು ಬಗೆ ಸಿಗುತ್ತದೆ, ಇಲ್ಲಿಗೆ ಎರಡೂ ಆಗುತ್ತದೆ. ಬರೀ ಬ್ಯಾಡಗಿ ಹಾಕಿದರೆ ಚೀಸ್ ಎದುರು ಖಾರ ಸೋತುಹೋಗುತ್ತದೆ. ಆರು ಬ್ಯಾಡಗಿಗೆ ಎರಡು ಗುಂಟೂರು ಸೇರಿಸಿ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಹುರಿಗಡಲೆ ಹಾಕಿ ತೀರಾ ಕಡಿಮೆ ನೀರಿನಲ್ಲಿ ರುಬ್ಬಿ. ದೋಸೆಗಾದರೆ ಇಷ್ಟು ಸಾಕು. ಸ್ಯಾಂಡ್‌ವಿಚ್‌ಗೆ ಇನ್ನೊಂದು ಹೆಜ್ಜೆ ಇದೆ: ಒಂದು ಚಮಚ ಬೆಣ್ಣೆಯಲ್ಲಿ ಈ ಚಟ್ನಿಯನ್ನು ನೀರು ಆರಿ, ಅಂಚಿನಲ್ಲಿ ಕೆಂಪು ಜಿಡ್ಡು ಬಿಡುವವರೆಗೆ ಬಾಡಿಸಿ. ನೀರಿದ್ದರೆ ಬ್ರೆಡ್ ಒದ್ದೆಯಾಗುತ್ತದೆ. ಚೆಡ್ಡಾರ್ ಮತ್ತು ಈ ಚಟ್ನಿಯ ಜೋಡಿ ಒಮ್ಮೆ ತಿಂದರೆ ಬಿಡುವುದು ಕಷ್ಟ.

ಒಣಮೆಣಸಿನ ಚೂರು, ಅಂದರೆ ಪಿಜ್ಜಾ ಜೊತೆ ಬರುವಂಥದ್ದು, ಅವಸರಕ್ಕೆ ಸರಿ. ಮೇಲೆ ಉದುರಿಸಿದರೆ ಬರೀ ಖಾರ. ಅರ್ಧ ಚಮಚ ಬಿಸಿ ಬೆಣ್ಣೆಯಲ್ಲಿ ಹತ್ತು ಸೆಕೆಂಡ್ ಇಟ್ಟರೆ ಪೂರ್ತಿ ಬೇರೆ ರುಚಿ. ಶೆಜ್ವಾನ್ ಚಟ್ನಿಯಲ್ಲಿ ಎಣ್ಣೆ, ವಿನೆಗರ್, ಉಪ್ಪು ಮೂರೂ ಜೋರು. ಪ್ರೊಸೆಸ್ಡ್ ಚೀಸ್ ಜೊತೆ ಸ್ವಲ್ಪ ಹಾಕಿದರೆ ಹುಡುಗರಿಗೆ ಇಷ್ಟವಾಗುತ್ತದೆ. ಹಾಲಿನ ಕೆನೆ ಜೊತೆ ಮಾತ್ರ ಬೆರೆಸಬೇಡಿ, ಹುಳಿಗೆ ಒಡೆಯಬಹುದು. ಬಾಟಲಿಯ ಹಾಲಪೀನ್ಯೊ (ಮೆಕ್ಸಿಕೊ ಕಡೆಯ ಹಸಿಮೆಣಸು) ಉಪ್ಪಿನಕಾಯಿ ಖಾರಕ್ಕಿಂತ ಹುಳಿ ಜಾಸ್ತಿ ಕೊಡುತ್ತದೆ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ಕ್ರೀಮ್ ಚೀಸ್ ಜೊತೆ ಹಾಕಿ, ಆ ಜೋಡಿ ಚೆನ್ನ.

ಕಾಳುಮೆಣಸು ಬೇರೆಯೇ ಖಾರ, ಗಂಟಲಲ್ಲಿ ನಿಧಾನವಾಗಿ ಏರುತ್ತದೆ. ಹಾಲಿನ ಕೆನೆ ಅಥವಾ ವೈಟ್ ಸಾಸ್ ಇದ್ದರೆ ಕಾಳುಮೆಣಸೇ ಸರಿ. ಹೊಸದಾಗಿ ಕುಟ್ಟಿದ್ದೇ ಬೇಕು. ಚಟ್ನಿಪುಡಿಯೂ ಆಗುತ್ತದೆ, ಅದರಲ್ಲೂ ಶೇಂಗಾ ಚಟ್ನಿಪುಡಿ. ಬೆಣ್ಣೆ ಹಚ್ಚಿದ ಬ್ರೆಡ್ ಒಳಮೈ ಮೇಲೆ ತೆಳ್ಳಗೆ ಉದುರಿಸಿದರೆ ಕಡಲೆಕಾಯಿಯ ಜಿಡ್ಡು ಚೀಸ್ ಜೊತೆ ಸೇರುತ್ತದೆ, ಸ್ವಲ್ಪ ಕರಕರ ಅನ್ನುತ್ತದೆ. ಮಲೆನಾಡು, ಕರಾವಳಿ ಕಡೆಯ ಸೂಜಿಮೆಣಸು ಮನೆ ಹಿತ್ತಲಲ್ಲಿ ಇದ್ದರೆ ಒಂದೇ ಒಂದು ಸಾಕು. ಅದನ್ನು ಬೆಣ್ಣೆಯಲ್ಲಿ ಬಾಡಿಸಿ ತೆಗೆದುಹಾಕಿ, ಬೆಣ್ಣೆಯನ್ನಷ್ಟೇ ಬಳಸಿ.

ಯಾವುದನ್ನೇ ಆರಿಸಿ, ಉಪ್ಪು ಹಾಕುವ ಮುಂಚೆ ರುಚಿ ನೋಡಿ. ಚೀಸ್‌ನಲ್ಲಿ ಉಪ್ಪಿದೆ, ಪೇಟೆ ಬೆಣ್ಣೆಯಲ್ಲಿ ಉಪ್ಪಿದೆ, ಬ್ರೆಡ್‌ನಲ್ಲೂ ಇದೆ. ಖಾರದ ಮಿಶ್ರಣಕ್ಕೆ ಬೇರೆ ಉಪ್ಪು ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ.

ಈರುಳ್ಳಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಹಾಕಬಹುದಾ? ಟೊಮ್ಯಾಟೊ ಬೇಡ, ನೀರು ಬಿಡುತ್ತದೆ. ಈರುಳ್ಳಿ, ದಪ್ಪ ಮೆಣಸಿನಕಾಯಿ ಬೇಕಿದ್ದರೆ ಮೊದಲೇ ಬಾಡಿಸಿ, ಆರಿಸಿ, ಒಂದು ಚಮಚದಷ್ಟು ಹಾಕಿ.

ಬ್ರೆಡ್

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ತೀರಾ ತೆಳು ಬ್ರೆಡ್ ಬೇಡ, ಬೆರಳಿನಷ್ಟು ದಪ್ಪ ಇದ್ದರೆ ಸರಿ. ಅಯ್ಯಂಗಾರ್ ಬೇಕರಿಯಲ್ಲಿ ಇಡೀ ಬ್ರೆಡ್ ತಂದು ಮನೆಯಲ್ಲೇ ಕೊಯ್ದುಕೊಂಡರೆ ಬೇಕಾದ ದಪ್ಪ ಸಿಗುತ್ತದೆ. ನಿನ್ನೆಯ ಬ್ರೆಡ್ ಇವತ್ತಿನದಕ್ಕಿಂತ ಒಳ್ಳೆಯದು, ತೇವ ಕಡಿಮೆ ಇರುವುದರಿಂದ ಗರಿಯಾಗುತ್ತದೆ. ಸಿಹಿ ಜಾಸ್ತಿ ಇರುವ ಮಿಲ್ಕ್ ಬ್ರೆಡ್ ಒಳಗಿನ ಚೀಸ್ ಕರಗುವ ಮುಂಚೆಯೇ ಹೊರಗೆ ಕಪ್ಪಾಗುತ್ತದೆ. ಹುಳಿಹಿಟ್ಟಿನ ಸೋರ್‌ಡೋ ಬ್ರೆಡ್ ಚೆಡ್ಡಾರ್‌ಗೆ ಒಳ್ಳೆಯ ಜೊತೆ. ಆದರೆ ದೊಡ್ಡ ತೂತುಗಳಿದ್ದರೆ ಕೆನೆ ಅದರೊಳಗಿಂದ ಕಾವಲಿಗೆ ಸೋರಿ ಸೀಯುತ್ತದೆ. ಬ್ರೌನ್ ಬ್ರೆಡ್ ಆಗುತ್ತದೆ, ಗರಿ ಸ್ವಲ್ಪ ಕಡಿಮೆ.

ಒಂದು ಸೂತ್ರ ಮುಂಬೈ ಸ್ಯಾಂಡ್‌ವಿಚ್ ಗಾಡಿಯವರಿಂದ ಕಲಿಯಬೇಕು. ಅವರು ಬ್ರೆಡ್‌ನ ಒಳಮೈಗೆ ಅಂಚಿನವರೆಗೂ ಬೆಣ್ಣೆ ಹಚ್ಚಿ ಆಮೇಲೆ ಚಟ್ನಿ ಹಚ್ಚುತ್ತಾರೆ. ಬೆಣ್ಣೆಯ ಪದರ ಚಟ್ನಿಯ ನೀರನ್ನು ಬ್ರೆಡ್‌ಗೆ ಇಳಿಯಲು ಬಿಡುವುದಿಲ್ಲ.

ಹೊರಗೆ ಹಚ್ಚುವುದು: ಬೆಣ್ಣೆ, ತುಪ್ಪ, ಮೇಯೊ

ಬೆಣ್ಣೆಯಲ್ಲಿ ಸುಮಾರು ಶೇ 80ರಷ್ಟು ಜಿಡ್ಡು, ಉಳಿದದ್ದು ಮುಖ್ಯವಾಗಿ ನೀರು ಮತ್ತು ಒಂದಿಷ್ಟು ಹಾಲಿನ ಅಂಶ. ಆ ಹಾಲಿನ ಅಂಶ ಕಂದುಬಣ್ಣಕ್ಕೆ ತಿರುಗಿದಾಗ ಬರುವ ಪರಿಮಳಕ್ಕೆ ಸಾಟಿಯಿಲ್ಲ. ಉರಿ ಸ್ವಲ್ಪ ಜಾಸ್ತಿಯಾದರೆ ಅದೇ ಸೀದು ಕಹಿಯಾಗುತ್ತದೆ. ತುಪ್ಪದಲ್ಲಿ ಆ ಅಂಶ ಇಲ್ಲ, ಬೇಗ ಸೀಯುವುದಿಲ್ಲ, ಬ್ರೆಡ್ ಬಿಸ್ಕತ್ತಿನಂತೆ ಗರಿಯಾಗುತ್ತದೆ. ಆದರೆ ತುಪ್ಪದ ಘಮ ಚೀಸ್ ಮೇಲೆ ಸವಾರಿ ಮಾಡುತ್ತದೆ. ಮೊಟ್ಟೆಯ ಮೇಯೊ ಫ್ರಿಜ್‌ನಿಂದ ತೆಗೆದ ಕೂಡಲೇ ಸಲೀಸಾಗಿ ಹಚ್ಚಬಹುದು, ಬಣ್ಣ ಎಲ್ಲ ಕಡೆ ಒಂದೇ ಸಮ ಬರುತ್ತದೆ, ರುಚಿ ಬೆಣ್ಣೆಯಷ್ಟಿಲ್ಲ. ಮೊಟ್ಟೆಯಿಲ್ಲದ್ದಾದರೆ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಇದೆಯಾ ನೋಡಿಕೊಳ್ಳಿ. ಇದ್ದರೆ ಬೇಗ ಕಪ್ಪಾಗುತ್ತದೆ.

ನನ್ನ ಮತ ಬೆಣ್ಣೆಗೆ. ಉರಿ ಸಣ್ಣದಿಡುವ ತಾಳ್ಮೆ ಇಲ್ಲದ ದಿನ ಅರ್ಧ ಬೆಣ್ಣೆ, ಅರ್ಧ ತುಪ್ಪ. ಬೆಣ್ಣೆಯನ್ನು ಕಾವಲಿಗೆ ಹಾಕಬೇಡಿ, ಮೆತ್ತಗಾದ ಬೆಣ್ಣೆಯನ್ನು ಬ್ರೆಡ್‌ಗೇ ಹಚ್ಚಿ. ಕಾವಲಿಗೆ ಹಾಕಿದ ಬೆಣ್ಣೆ ಒಂದು ಕಡೆ ನಿಂತು, ಬ್ರೆಡ್‌ನ ಅರ್ಧ ಭಾಗ ಒಣಗಿಯೇ ಉಳಿಯುತ್ತದೆ.

ಕಾವಲಿಯೋ, ಟೋಸ್ಟರೋ, ಓವನ್ನೋ?

ಚೀಸ್ ಕರಗಲು 65 ಡಿಗ್ರಿ ಆಸುಪಾಸಿನ ಬಿಸಿ ಸಾಕು. ಬ್ರೆಡ್ ಕೆಂಪಗಾಗಲು ಅದರ ಮೇಲ್ಮೈ 140 ಡಿಗ್ರಿ ದಾಟಬೇಕು. ಕೇಳಿದರೆ ಚೀಸ್ ಮೊದಲು ಕರಗಬೇಕು ಅನಿಸುತ್ತದೆ. ಆದರೆ ಬಿಸಿ ಬ್ರೆಡ್ ದಾಟಿ ಒಳಗೆ ಹೋಗಲು ಹೊತ್ತು ಬೇಕು, ಬ್ರೆಡ್ ತುಂಬಾ ಗಾಳಿಯೇ ಇರುತ್ತದೆ. ಉರಿ ದೊಡ್ಡದಿದ್ದರೆ ಹೊರಗೆ ಸೀದು ಒಳಗೆ ಚೀಸ್ ಹಾಗೇ ಉಳಿಯುತ್ತದೆ. ಉಪಕರಣ ಆರಿಸುವಾಗ ನೋಡಬೇಕಾದದ್ದು ಇದೊಂದೇ: ಯಾವುದರಲ್ಲಿ ಬಿಸಿಯನ್ನು ನಿಧಾನ ಮಾಡಬಹುದು?

ದಪ್ಪ ತಳದ ಕಬ್ಬಿಣದ ಕಾವಲಿ ಇದರಲ್ಲಿ ಮುಂದು. ಒಮ್ಮೆ ಕಾದರೆ ಬಿಸಿ ಏರುಪೇರಾಗುವುದಿಲ್ಲ, ಗರಿ ಚೆನ್ನಾಗಿ ಬರುತ್ತದೆ. ಮೇಲೆ ಒಂದು ಮುಚ್ಚಳ ಮುಚ್ಚಿದರೆ ಒಳಗಿನ ಶಾಖಕ್ಕೆ ಚೀಸ್ ಕರಗುತ್ತದೆ. ಬೆಳಿಗ್ಗೆ ದೋಸೆ ಹುಯ್ದ ಕಾವಲಿಯಾದರೆ ಒರೆಸಿಕೊಳ್ಳಿ, ಮೆಂತ್ಯದ ವಾಸನೆ ಇರುತ್ತದೆ. ನಾನ್‌ಸ್ಟಿಕ್ ಕಾವಲಿಯಲ್ಲಿ ಗರಿ ಸ್ವಲ್ಪ ಕಡಿಮೆ, ಆದರೆ ಸೋರಿದ ಚೀಸ್ ಅಂಟುವುದಿಲ್ಲ. ಮೊದಲ ಸಲ ಮಾಡುವವರಿಗೆ ಅದು ಸುಲಭ.

ತ್ರಿಕೋನದ ಅಚ್ಚಿರುವ ಕರೆಂಟ್ ಸ್ಯಾಂಡ್‌ವಿಚ್ ಮೇಕರ್ ಅಂಚನ್ನು ಒತ್ತಿ ಮುಚ್ಚುತ್ತದೆ, ಕೆನೆ ಸೋರುವುದಿಲ್ಲ. ವೈಟ್ ಸಾಸ್ ಹಾಕಿದ್ದರೆ ಇದೇ ವಾಸಿ. ಆದರೆ ಬ್ರೆಡ್ ಒತ್ತಿಹೋಗಿ ತೆಳ್ಳಗಾಗುತ್ತದೆ, ಹೆಚ್ಚಿನವುಗಳಲ್ಲಿ ಬಿಸಿ ಕಡಿಮೆ ಮಾಡುವ ಗುಂಡಿಯೂ ಇರುವುದಿಲ್ಲ. ಗೆರೆ ಮೂಡಿಸುವ ಗ್ರಿಲ್ ಮೇಕರ್‌ನಲ್ಲಿ ನೋಡಲು ಚಂದ, ಗೆರೆ ಇದ್ದಲ್ಲಿ ಮಾತ್ರ ಗರಿ. ಮುಚ್ಚಳದ ಭಾರಕ್ಕೆ ಕೆನೆ ಪಕ್ಕಕ್ಕೆ ಹರಿಯುತ್ತದೆ. ಅದಕ್ಕೆ ಅಂಚಿನಲ್ಲಿ ಒಂದು ಬೆರಳು ಜಾಗ ಬಿಟ್ಟು ತುಂಬಿ.

ಉದ್ದ ಹಿಡಿಯ ಗ್ಯಾಸ್ ಟೋಸ್ಟರ್ ಹಳೆಯ ಮನೆಗಳಲ್ಲಿ ಈಗಲೂ ಇದೆ. ಎರಡೂ ಕಡೆ ಮಗುಚುತ್ತಾ ಸಣ್ಣ ಉರಿಯಲ್ಲಿ ಹಿಡಿದರೆ ಅದರ ರುಚಿಗೆ ಬೇರೆ ಯಾವುದೂ ಸಮವಿಲ್ಲ. ನಿಂತು ಕಾಯಬೇಕು ಅಷ್ಟೇ, ಕಣ್ಣು ತಪ್ಪಿಸುವ ಹಾಗಿಲ್ಲ. ಓವನ್ ಅಥವಾ ಓಟಿಜಿ ನಾಲ್ಕಾರು ಸ್ಯಾಂಡ್‌ವಿಚ್ ಒಟ್ಟಿಗೆ ಮಾಡಲು ಸರಿ, 200 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ, ನಡುವೆ ಒಮ್ಮೆ ಮಗುಚಬೇಕು. ಏರ್ ಫ್ರೈಯರ್‌ನಲ್ಲಿ ಗಾಳಿಯ ರಭಸಕ್ಕೆ ಮೇಲಿನ ಬ್ರೆಡ್ ಎದ್ದುಬಿಡುತ್ತದೆ. ಹಲ್ಲುಕಡ್ಡಿ ಚುಚ್ಚಿ ಇಡಿ, ತೆಗೆಯುವುದನ್ನು ಮರೆಯಬೇಡಿ. ಮೈಕ್ರೋವೇವ್ ಮಾತ್ರ ಬೇಡ, ಬ್ರೆಡ್ ನಾರಾಗುತ್ತದೆ.

ಈಗ ಮಾಡೋಣ

ಎರಡು ಸ್ಯಾಂಡ್‌ವಿಚ್‌ಗೆ ನನ್ನ ಆಯ್ಕೆ ಹೀಗೆ. ಪ್ರೊಸೆಸ್ಡ್ ಚೀಸ್ 50 ಗ್ರಾಂ, ಅಂದರೆ 25 ಗ್ರಾಂನ ಎರಡು ಕ್ಯೂಬು. ಚೆಡ್ಡಾರ್ 40 ಗ್ರಾಂ, ಮೊಝರೆಲ್ಲಾ 30 ಗ್ರಾಂ. ಎಲ್ಲ ತುರಿದದ್ದು. ಗಟ್ಟಿ ಮೊಸರು ಅಥವಾ ಕ್ರೀಮ್ ಚೀಸ್ ಎರಡು ದೊಡ್ಡ ಚಮಚ. ಖಾರದ ಹಸಿಮೆಣಸು ಮೂರು, ಬೆಳ್ಳುಳ್ಳಿ ನಾಲ್ಕು ಎಸಳು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಕಾಲು ಚಮಚ ಕುಟ್ಟಿದ ಕಾಳುಮೆಣಸು. ಬ್ರೆಡ್ ನಾಲ್ಕು, ಬೆಣ್ಣೆ ಎರಡು ದೊಡ್ಡ ಚಮಚ.

ಒಂದು ಟೀ ಚಮಚ ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಮೆಣಸು, ಬೆಳ್ಳುಳ್ಳಿ ಬಾಡಿಸಿ. ಬೆಳ್ಳುಳ್ಳಿ ಕೆಂಪಗಾಗುವುದು ಬೇಡ. ಪೂರ್ತಿ ಆರಿದ ಮೇಲೆ ಮೊಸರು, ಕಾಳುಮೆಣಸು, ಕೊತ್ತಂಬರಿ, ಮೂರೂ ಚೀಸ್ ಹಾಕಿ ಕೈಯಲ್ಲೇ ಕಲಸಿ. ಉಂಡೆ ಕಟ್ಟಲು ಬರುವಷ್ಟು ಗಟ್ಟಿ ಇರಬೇಕು. ಒಳಮೈಗೆ ತೆಳ್ಳಗೆ ಬೆಣ್ಣೆ ಸವರಿ ಈ ಮಿಶ್ರಣ ಹರಡಿ, ಅಂಚು ಬಿಟ್ಟು. ಮುಚ್ಚಿ ಹೊರಮೈಗೆ ಉಳಿದ ಬೆಣ್ಣೆ ಹಚ್ಚಿ.

ಕಾವಲಿ ಹದವಾಗಿ ಕಾದಿರಲಿ. ಒಂದು ಹನಿ ನೀರು ಬಿದ್ದರೆ ಮೆಲ್ಲಗೆ ಸುಂಯ್ ಅನ್ನಬೇಕು, ಚಟಪಟ ಹಾರಬಾರದು. ಸಣ್ಣ ಉರಿಯಲ್ಲಿ ಸ್ಯಾಂಡ್‌ವಿಚ್ ಇಟ್ಟು ಮುಚ್ಚಳ ಮುಚ್ಚಿ ಮೂರು ನಿಮಿಷ. ಮುಚ್ಚಳ ತೆಗೆದು ಮಗುಚಿ, ಈಗ ತೆರೆದೇ ಇಟ್ಟು ಇನ್ನೆರಡು ಮೂರು ನಿಮಿಷ. ಎರಡನೇ ಸಲವೂ ಮುಚ್ಚಿದರೆ ಆವಿಗೆ ಗರಿ ಹೋಗುತ್ತದೆ. ಸಟ್ಟುಗದಿಂದ ಒತ್ತಬೇಡಿ. ತೆಗೆದ ಮೇಲೆ ತಟ್ಟೆಗೆ ಹಾಕದೆ ತಂತಿಯ ಜಾಲರಿ ಮೇಲೆ ಒಂದೆರಡು ನಿಮಿಷ ಬಿಟ್ಟು ಆಮೇಲೆ ಕೊಯ್ಯಿರಿ. ಆಗ ಕೆನೆ ಹರಿದು ಹೋಗದೆ ಒಳಗೇ ನಿಲ್ಲುತ್ತದೆ.

ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇದ್ದು ಬರೀ ಚೀಸ್ ಸ್ಲೈಸ್ ಸಿಗುವವರು ಒಂದು ಸ್ಯಾಂಡ್‌ವಿಚ್‌ಗೆ ಎರಡು ಸ್ಲೈಸ್, ಎರಡರ ನಡುವೆ ಒಂದು ಚಮಚ ಗಟ್ಟಿ ಮೊಸರಿಗೆ ಕಲಸಿದ ಚಟ್ನಿಪುಡಿ ಇಡಿ. ಇಷ್ಟರಲ್ಲೇ ಕೆನೆಯೂ ಖಾರವೂ ಸಿಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಕೆಲಸ ಇನ್ನೂ ಹಗುರ: ಅಲ್ಲಿನ ಅಮೆರಿಕನ್ ಚೀಸ್ ಸ್ಲೈಸ್ ಕೆನೆಗೆ, ಮೆಣಸಿನಕಾಯಿ ಬೆರೆಸಿಯೇ ಮಾಡಿದ ಪೆಪ್ಪರ್ ಜ್ಯಾಕ್ ಚೀಸ್ ಖಾರಕ್ಕೆ. ಅದರ ಖಾರ ನಮಗೆ ಸಾಲುವುದಿಲ್ಲ, ಸೆರಾನೊ ಅಥವಾ ಥಾಯ್ ಮೆಣಸು ಬೆಣ್ಣೆಯಲ್ಲಿ ಬಾಡಿಸಿ ಸೇರಿಸಿ. ಬ್ರಿಟನ್ನಿನಲ್ಲಿ ಒಳ್ಳೆಯ ಚೆಡ್ಡಾರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲಿ ವೈಟ್ ಸಾಸ್ ದಾರಿ ಹಿಡಿಯುವುದು ಒಳ್ಳೆಯದು.

ಚಿಕ್ಕ ಮಕ್ಕಳಿಗೆ ಮೆಣಸು ಬಾಡಿಸಿದ ಬೆಣ್ಣೆಯ ಬದಲು ಬರೀ ಬೆಳ್ಳುಳ್ಳಿ ಬೆಣ್ಣೆ ಸಾಕು. ಮೊಝರೆಲ್ಲಾ ಸ್ವಲ್ಪ ಜಾಸ್ತಿ ಮಾಡಿ. ಅವರದನ್ನು ಮೊದಲು ಮಾಡಿ ಮುಗಿಸಿ, ಆಮೇಲೆ ದೊಡ್ಡವರದಕ್ಕೆ ಮೆಣಸು ಕಲಸಿ.

ಕಲಸಿದ ಮಿಶ್ರಣ ಉಳಿದರೆ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಫ್ರಿಜ್‌ನಲ್ಲಿ ಇರುತ್ತದೆ. ಬೆಣ್ಣೆಯಲ್ಲಿ ಬಾಡಿಸಿದ ಕೆಂಪು ಚಟ್ನಿ ನಾಲ್ಕೈದು ದಿನ. ಮಾಡಿದ ಸ್ಯಾಂಡ್‌ವಿಚ್ ಉಳಿದರೆ ಒಣ ಕಾವಲಿ ಮೇಲೆ ತೀರಾ ಸಣ್ಣ ಉರಿಯಲ್ಲಿ ಮುಚ್ಚಿ ಬಿಸಿ ಮಾಡಿ, ಹೊಸದಾಗಿ ಬೆಣ್ಣೆ ಹಾಕುವ ಅಗತ್ಯ ಇಲ್ಲ.